ಹಿಮವು ಸರಿದ ಕಾಲವನ್ನು ಕಲ್ಲು ಹೇಳುವ ಬಗೆ

ಒಂದು ಕಲ್ಲಿನ ವಯಸ್ಸೆಷ್ಟೆಂದು ಕೇಳುವವರು ತಮಗೆ ತಿಳಿಯದೆಯೇ ಎರಡು ಪ್ರಶ್ನೆಗಳನ್ನು ಕೂಡಿಸಿ ಕೇಳಿಬಿಡುತ್ತಾರೆ. ಆ ಕಲ್ಲು ಭೂಗರ್ಭದಲ್ಲಿ ಹುಟ್ಟಿದ್ದು ಯಾವಾಗ ಎಂಬದು ಮೊದಲನೆಯದು. ಅದರ ಮೈ ಬಯಲಿಗೆ ಬಂದು ಆಕಾಶವನ್ನು ಕಂಡದ್ದು ಯಾವಾಗ ಎಂಬದು ಎರಡನೆಯದು. ಇವೆರಡಕ್ಕೂ ಇರುವ ಭೇದವನ್ನು ತಿಳಿಯುವದಕ್ಕೆ ನಾವು ಬಹು ದೂರ ಹೋಗಬೇಕಾದದ್ದಿಲ್ಲ. ಕಾರ್ಕಳದ ಗುಡ್ಡದ ಮೇಲಿರುವ ಗೊಮ್ಮಟೇಶ್ವರನ ಏಕಶಿಲಾವಿಗ್ರಹವು ಪ್ರತಿಷ್ಠೆಯಾದದ್ದು 1432ನೆಯ ಇಸವಿಯಲ್ಲಿ, ವೇಣೂರಿನದು 1604ರಲ್ಲಿ. ಈ ವಿಗ್ರಹಗಳ ಕಲ್ಲಾದರೋ ಎಷ್ಟೋ ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕಾವಿನಿಂದಲೂ ಒತ್ತಡದಿಂದಲೂ ಗಟ್ಟಿಯಾದದ್ದು. ಆದರೆ ಇಂದು ಮಳೆಬಿಸಿಲುಗಳನ್ನು ತಾಳಿಕೊಂಡು ನಿಂತಿರುವ ಆ ಮುಖಗಳು, ಶಿಲ್ಪಿಯ ಉಳಿಯು ಮೇಲಿದ್ದ ಕಲ್ಲನ್ನು ಕೆತ್ತಿ ತೆಗೆದ ಬಳಿಕವೇ ಬಯಲನ್ನು ಕಂಡವು. ಕಲ್ಲಿನ ಜನ್ಮದ ಲೆಕ್ಕ ಬೇರೆ. ಅದರ ಮುಖ ತೆರೆದ ಲೆಕ್ಕ ಬೇರೆ.

ಕಾರ್ಕಳದಲ್ಲಿ ಎರಡನೆಯ ಲೆಕ್ಕವನ್ನು ಶಾಸನವೇ ನಮಗೆ ಹೇಳುತ್ತದೆ. ಆದರೆ ದಕ್ಷಿಣ ಧ್ರುವಖಂಡವಾದ ಅಂಟಾರ್ಕ್ಟಿಕದಲ್ಲಿ ಬಂಡೆಗಳನ್ನು ಕೆತ್ತಿದ್ದು ಮನುಷ್ಯನ ಉಳಿಯಲ್ಲ, ಹಿಮವು. ಹಿಮವು ಗುಡ್ಡಗಳನ್ನು ಉಜ್ಜಿ, ಕಲ್ಲುಗಳನ್ನು ಕಿತ್ತು ಹೊತ್ತು ತಂದು, ಒಂದಾನೊಂದು ಕಾಲದಲ್ಲಿ ತೆಳ್ಳಗಾಗಿ ಹಿಂದಕ್ಕೆ ಸರಿಯುವಾಗ ಅವುಗಳನ್ನು ಅಲ್ಲಲ್ಲಿಯೇ ಬಿಟ್ಟುಹೋಯಿತು. ಅದು ಸರಿದದ್ದು ಯಾವಾಗ, ಎಷ್ಟು ವೇಗವಾಗಿ, ಎಂಬದನ್ನು ಬರೆದಿಟ್ಟವರು ಯಾರೂ ಇಲ್ಲ. ಹಾಗಾದರೂ ಇಂದಿನ ವಿದ್ವಾಂಸರು ಇದಕ್ಕೆ ವರ್ಷಗಳ ಲೆಕ್ಕದಲ್ಲಿ ಉತ್ತರವನ್ನು ಕೊಡುತ್ತಾರೆ. ಆ ಉತ್ತರವನ್ನು ಅವರು ಕಲ್ಲಿನಿಂದ ಹೇಗೆ ಹೊರಡಿಸುತ್ತಾರೆ, ಅದು ಕಡಲ ದಂಡೆಯ ಮೇಲೆ ವಾಸಿಸುವ ನಮಗೆ ಯಾಕೆ ಬೇಕಾಗಿದೆ, ಎಂಬದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುವೆವು.

ನಮ್ಮ ಸೀಮೆಯ ಕಲ್ಲು

ಮೊದಲು ನಮ್ಮ ಕಾಲ ಕೆಳಗಿನ ಕಲ್ಲನ್ನೇ ನೋಡೋಣ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಉಳಿದ ತಿಂಗಳುಗಳಲ್ಲಿ ಬಿಸಿಲು ಕಾಯುತ್ತದೆ. ಮಳೆನೀರು ಗಾಳಿಯಲ್ಲಿರುವ ಇಂಗಾಲಾಮ್ಲವನ್ನೂ ಮಣ್ಣಿನಲ್ಲಿ ಕೊಳೆತ ಎಲೆಗಳ ಆಮ್ಲಗಳನ್ನೂ ಕೂಡಿಸಿಕೊಂಡು ಪಾದೆಯ ಬಿರುಕುಗಳಲ್ಲಿ ಇಳಿಯುವದು. ಕರಿಗಲ್ಲಿನಲ್ಲಿ ಮುಖ್ಯವಾಗಿ ಎರಡು ಬಗೆಯ ಬಿಳುಪಾದ ಹರಳುಗಳಿರುತ್ತವೆ. ಅವುಗಳಲ್ಲಿ ಫೆಲ್ಡ್‌ಸ್ಪಾರ್ ಎಂಬದು ಈ ನೀರಿಗೆ ಸೋತು ಮೆತ್ತಗಾಗಿ ಜೇಡಿಯಾಗುತ್ತದೆ. ಬೆಣಚುಕಲ್ಲಿನ ಹರಳು ಮಾತ್ರ ಬಹಳ ಮಟ್ಟಿಗೆ ಸೋಲದೆ ಮರಳಾಗಿ ಉಳಿಯುವದು. ನೇತ್ರಾವತಿ, ಗುರುಪುರ ನದಿಗಳ ತೀರದ ಆವೆಮಣ್ಣು ಹೀಗೆ ಕೊಳೆತ ಕಲ್ಲಿನಿಂದಲೇ ಹುಟ್ಟಿದ್ದು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದು ದೇಶವಿದೇಶಗಳಿಗೆ ಕಳುಹಿಸಿದ ಹಂಚುಗಳು ಇಂಥ ಮಣ್ಣಿನವೇ.

ಮಳೆನೀರಿನಲ್ಲಿ ಕರಗಬಲ್ಲ ಪದಾರ್ಥಗಳೆಲ್ಲಾ ಸಾವಿರಾರು ಮಳೆಗಾಲಗಳಲ್ಲಿ ತೊಳೆದುಹೋಗಿ, ಕರಗಲೊಲ್ಲದ ಕಬ್ಬಿಣವೂ ಅಲ್ಯೂಮಿನಿಯಮೂ ಉಳಿದುಕೊಂಡರೆ ನಮ್ಮ ಮುರಕಲ್ಲು ಆಗುತ್ತದೆ. ಕೋರೆಯಲ್ಲಿ ಕಡಿಯುವಾಗ ಅದು ಮೆದುವಾಗಿರುವದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವದು. ಡಾಕ್ಟರ್ ಫ್ರಾನ್ಸಿಸ್ ಬುಕಾನನ್ 1800 ಮತ್ತು 1801ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿದಾಗ ಈ ಗುಣವನ್ನು ಗಮನಿಸಿದನು. ಮಲಬಾರಿನ ಅಂಗಡಿಪುರದಲ್ಲಿ ಕಂಡ ಇಂಥ ಕಲ್ಲಿಗೆ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ, ಅವನು ಲ್ಯಾಟರೈಟ್ ಎಂಬ ಹೆಸರನ್ನಿಟ್ಟನು. ಆ ಹೆಸರು 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದ ಮೂಲಕ ಜಗತ್ತಿನಲ್ಲೆಲ್ಲಾ ರೂಢಿಗೆ ಬಂತು.

ಕಲ್ಲು ಹೀಗೆ ಕೊಳೆಯುವದನ್ನು ಶಾಸ್ತ್ರದಲ್ಲಿ ಶಿಥಿಲೀಕರಣವೆನ್ನುತ್ತಾರೆ. ಇದಕ್ಕೆ ಹಿಡಿಯುವ ಕಾಲವು ಅಲ್ಪವಲ್ಲ. ಬಳ್ಳಾರಿ ಸೀಮೆಯ ಸಂಡೂರಿನ ಗುಡ್ಡಗಳಲ್ಲಿ ಶಿಲೆಗಳು ಶಿಥಿಲವಾಗುವಾಗಲೇ ಹುಟ್ಟಿದ ಮ್ಯಾಂಗನೀಸ್ ಖನಿಜಗಳಿವೆ. ಅವುಗಳೊಳಗಿನ ಪೊಟ್ಯಾಸಿಯಮಿನಲ್ಲಿ ಒಂದು ಸ್ವಲ್ಪ ಪಾಲು ನಿಯಮಿತವಾದ ವೇಗದಿಂದ ಆರ್ಗಾನ್ ಅನಿಲವಾಗಿ ಮಾರ್ಪಡುತ್ತಿರುವದರಿಂದ, ಕೂಡಿದ ಆರ್ಗಾನನ್ನು ಅಳೆದು ಖನಿಜವು ಹುಟ್ಟಿದ ಕಾಲವನ್ನು ತಿಳಿಯಬಹುದು. ಹಾಗೆ ಅಳೆದಾಗ ಮೂರು ಕೋಟಿ ವರ್ಷಗಳ ಆಸುಪಾಸಿನ ವಯಸ್ಸುಗಳು ದೊರೆತಿವೆ. ಇದರಲ್ಲಿ ಒಂದು ವಿಶೇಷವುಂಟು. ಅಂಟಾರ್ಕ್ಟಿಕವು ಸುಮಾರು 3 ಕೋಟಿ 40 ಲಕ್ಷ ವರ್ಷಗಳ ಹಿಂದೆ ಹಿಮದ ಹೊದಿಕೆಯನ್ನು ಹೊದ್ದುಕೊಂಡಿತೆಂದು ತಜ್ಞರು ಹೇಳುತ್ತಾರೆ. ಅಂದರೆ ಅಲ್ಲಿ ಕಲ್ಲು ಹಿಮದಡಿಯಲ್ಲಿ ಅಡಗುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಕಲ್ಲು ಮಳೆಯಲ್ಲಿ ಕೊಳೆಯುತ್ತಿತ್ತು.

ಹೀಗಿರುವದರಿಂದ ನಮ್ಮ ಸೀಮೆಯಲ್ಲಿ ಕಲ್ಲಿನ ಮೇಲ್ಮೈ ಬಹುಕಾಲ ಒಂದೇ ತೆರನಾಗಿ ಉಳಿಯುವದಿಲ್ಲ. ಧ್ರುವಪ್ರದೇಶದಲ್ಲಿ ಹಾಗಲ್ಲ.

ಶಿರ್ಮಾಕರ್ ಗುಡ್ಡಗಳು

ಅಂಟಾರ್ಕ್ಟಿಕದ ಭೂಮಿಯಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲಿಗೂ ಮಿಕ್ಕಿ ಹಿಮದ ಕೆಳಗಿದೆ. ಉಳಿದ ಸ್ವಲ್ಪ ಭಾಗದಲ್ಲಿ ಅಲ್ಲಲ್ಲಿ ಬರಿಯ ಕಲ್ಲಿನ ನೆಲವು ಕಾಣುತ್ತದೆ. ಅಂಥದರಲ್ಲಿ ಒಂದು ಶಿರ್ಮಾಕರ್ ಓಯಸಿಸ್. 1939ರಲ್ಲಿ ಜರ್ಮನ್ ಯಾತ್ರೆಯೊಂದರ ವಿಮಾನಚಾಲಕನಾದ ಶಿರ್ಮಾಕರ್ ಎಂಬವನು ಇದನ್ನು ಆಕಾಶದಿಂದ ಕಂಡುದರಿಂದ ಈ ಹೆಸರು ಬಂತು. ಸುಮಾರು 13 ಚದರ ಮೈಲುಗಳ ಈ ಗುಡ್ಡಸಾಲಿನ ನಡುವೆ ನೂರಕ್ಕೂ ಹೆಚ್ಚು ಕೆರೆಗಳಿವೆ. ನಮ್ಮ ದೇಶದ ಮೊದಲನೆಯ ಅಂಟಾರ್ಕ್ಟಿಕ ಯಾತ್ರೆಯು ಡಾ. ಎಸ್. ಜೆಡ್. ಖಾಸಿಮರ ಮುಂದಾಳುತನದಲ್ಲಿ 1981ರ ದಶಂಬರದಲ್ಲಿ ಗೋವೆಯಿಂದ ಹೊರಟು 1982ರ ಜನವರಿ 9ರಂದು ಆ ಖಂಡವನ್ನು ಮುಟ್ಟಿತು. ಮೊದಲು ಕಟ್ಟಿದ ದಕ್ಷಿಣ ಗಂಗೋತ್ರಿಯೆಂಬ ನಿಲ್ದಾಣವು ಹಿಮದ ಮೇಲಿದ್ದುದರಿಂದ ಕೆಲವೇ ವರ್ಷಗಳಲ್ಲಿ ಹಿಮದಲ್ಲಿ ಹೂತುಹೋಯಿತು. ಅದರ ಬದಲಾಗಿ 1989ರಲ್ಲಿ ಶಿರ್ಮಾಕರ್ ಗುಡ್ಡಗಳ ಗಟ್ಟಿ ಕಲ್ಲಿನ ಮೇಲೆ ಮೈತ್ರಿ ನಿಲ್ದಾಣವನ್ನು ಸ್ಥಾಪಿಸಿದರು. ಮಂಗಳೂರಿನಿಂದ ಅದು ಆರು ಸಾವಿರ ಮೈಲುಗಳಿಗೂ ಮಿಕ್ಕಿ ದೂರದಲ್ಲಿದೆ.

ದೂರವಾದರೂ ಆ ಕಲ್ಲುಗಳು ನಮಗೆ ತೀರ ಅಪರಿಚಿತವಲ್ಲ. ಅಂಟಾರ್ಕ್ಟಿಕವೂ ನಮ್ಮ ದಖ್ಖಣವೂ ಒಂದಾನೊಂದು ಕಾಲದಲ್ಲಿ ಗೊಂಡ್ವಾನಾ ಎಂಬ ಒಂದೇ ಮಹಾಖಂಡದ ಭಾಗಗಳಾಗಿದ್ದವು. ಅಲ್ಲಿಯೂ ಪಟ್ಟೆಪಟ್ಟೆಯಾದ ನೈಸ್ ಶಿಲೆಗಳಿವೆ, ಬೆಣಚುಕಲ್ಲಿನ ಹರಳುಗಳಿವೆ. ಭೇದವಿರುವದು ಹವೆಯಲ್ಲಿ. ಅಲ್ಲಿ ನೀರು ವರ್ಷದ ಬಹುಭಾಗದಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿರುವದು. ಕೊಳೆಯಿಸುವ ಎಲೆಯಿಲ್ಲ, ಬೇರಿಲ್ಲ. ಆದಕಾರಣ ಫೆಲ್ಡ್‌ಸ್ಪಾರ್ ಜೇಡಿಯಾಗುವ ಕೆಲಸವು ಬಹು ನಿಧಾನ. ಅಲ್ಲಿ ಕಲ್ಲನ್ನು ಸವೆಯಿಸುವವು ಬೇರೆಯೇ ಮೂರು ಶಕ್ತಿಗಳು. ಬೇಸಗೆಯ ಕೆಲವು ದಿನಗಳಲ್ಲಿ ಬಿರುಕಿಗೆ ಇಳಿದ ನೀರು ಮತ್ತೆ ಹೆಪ್ಪುಗಟ್ಟುವಾಗ ಉಬ್ಬಿ ಕಲ್ಲನ್ನು ಸೀಳುವದು ಒಂದು. ಕಡಲ ಗಾಳಿಯೊಡನೆ ಬಂದ ಉಪ್ಪು ಕಲ್ಲಿನ ರಂಧ್ರಗಳಲ್ಲಿ ಹರಳುಗಟ್ಟಿ ಕಣಗಳನ್ನು ಬಿಡಿಸುವದು ಎರಡು. ಬಿರುಗಾಳಿಯು ಮರಳನ್ನೂ ಹಿಮದ ಹುಡಿಯನ್ನೂ ಎತ್ತಿ ಎಸೆಯುವದು ಮೂರು. ಇವುಗಳಿಂದ ಬಂಡೆಗಳಲ್ಲಿ ಜೇನುಗೂಡಿನಂತಹ ಗುಳಿಗಳೂ ಪೊಟರೆಗಳೂ ಉಂಟಾಗುತ್ತವೆ. ಮೇಲ್ಮೈಯಲ್ಲಿ ಕಬ್ಬಿಣವು ತುಕ್ಕುಹಿಡಿದು ಕೆಂಗಂದು ಬಣ್ಣದ ಲೇಪವಾಗುತ್ತದೆ.

ಈ ಗುರುತುಗಳನ್ನೇ ಹಿಡಿದು ಹಿಂದಿನ ಶೋಧಕರು ಕಾಲನಿರ್ಣಯಕ್ಕೆ ತೊಡಗಿದರು. ಒಂದು ಕಣಿವೆಯ ಎತ್ತರದ ಸಾಲಿನಲ್ಲಿರುವ ಬಂಡೆಗಳು ಗುಳಿಬಿದ್ದು ಕೆಂಪಾಗಿಯೂ, ಕೆಳಗಿನ ಸಾಲಿನವು ಹೊಸದಾಗಿ ಒಡೆದಂತೆ ಬೆಳ್ಳಗೂ ಇದ್ದರೆ, ಹಿಮವು ಮೇಲಿನ ಸಾಲನ್ನು ಮೊದಲು ಬಿಟ್ಟು ಕೆಳಗಿನದನ್ನು ಆಮೇಲೆ ಬಿಟ್ಟಿತೆಂದು ಊಹಿಸಬಹುದು. ಸಿಮೆಂಟಿನ ಕಟ್ಟಡಗಳ ಗಟ್ಟಿತನವನ್ನು ಪರೀಕ್ಷಿಸಲು ಇಂಜಿನಿಯರರು ಬಳಸುವ ಸ್ಪ್ರಿಂಗಿನ ಸುತ್ತಿಗೆಯನ್ನೇ ಬಂಡೆಗೆ ಒತ್ತಿ, ಅದು ಎಷ್ಟು ಪುಟಿಯುತ್ತದೆಂದು ನೋಡುವ ರೂಢಿಯೂ ಉಂಟು. ಹೊಸ ಮೈಯ ಕಲ್ಲಿನಲ್ಲಿ ಅದು ಜೋರಾಗಿ ಪುಟಿಯುವದು, ಶಿಥಿಲವಾದ ಮೈಯಲ್ಲಿ ಮೆಲ್ಲಗೆ. ಆದರೆ ಈ ಉಪಾಯಗಳಿಂದ ಯಾವದು ಮೊದಲು, ಯಾವದು ಆಮೇಲೆ ಎಂಬದಷ್ಟೇ ತಿಳಿಯುವದು. ಅಕ್ಕತಂಗಿಯರಲ್ಲಿ ಹಿರಿಯಳಾರೆಂದು ಮುಖವನ್ನು ನೋಡಿ ಹೇಳಬಹುದು. ಇಬ್ಬರೂ ಹುಟ್ಟಿದ ಇಸವಿಯನ್ನು ಹೇಳುವದಕ್ಕೆ ಬೇರೆ ಆಧಾರವು ಬೇಕು.

ವಿಶ್ವಕಿರಣಗಳ ಗಡಿಯಾರ

ಆ ಆಧಾರವು ಆಕಾಶದಿಂದಲೇ ದೊರಕಿತು. ನಕ್ಷತ್ರಲೋಕದ ಕಡೆಯಿಂದ ಅತಿ ವೇಗದ ಸೂಕ್ಷ್ಮಕಣಗಳು ಹಗಲೂ ರಾತ್ರಿಯೂ ಭೂಮಿಯ ಮೇಲೆ ಸುರಿಯುತ್ತಿವೆ. ಇವುಗಳಿಗೆ ವಿಶ್ವಕಿರಣಗಳೆಂದು ಹೆಸರು. ಇವು ವಾಯುಮಂಡಲದ ಅಣುಗಳನ್ನು ಒಡೆದಾಗ ಹೊರಡುವ ನ್ಯೂಟ್ರಾನ್ ಮೊದಲಾದ ಕಣಗಳು ನೆಲದ ವರೆಗೂ ಬಂದು ಕಲ್ಲಿಗೆ ಬಡಿಯುತ್ತವೆ. ಬೆಣಚುಕಲ್ಲಿನಲ್ಲಿರುವ ಆಮ್ಲಜನಕದ ಪರಮಾಣುವಿಗೆ ಇಂಥ ಪೆಟ್ಟು ತಗಲಿದರೆ ಅದು ಒಡೆದು, ಕೆಲವೊಮ್ಮೆ ಬೆರಿಲಿಯಮ್-10 ಎಂಬ ಅಪರೂಪದ ಪರಮಾಣುವಾಗುವದು. ಸಿಲಿಕಾನಿಗೆ ತಗಲಿದರೆ ಅಲ್ಯೂಮಿನಿಯಮ್-26 ಹುಟ್ಟಬಹುದು. ಇವೆರಡೂ ಶಾಶ್ವತವಲ್ಲ. ಮೊದಲನೆಯದರ ಅರ್ಧ ಪಾಲು ಕ್ಷಯಿಸುವದಕ್ಕೆ ಸುಮಾರು 13 ಲಕ್ಷ 90 ಸಾವಿರ ವರ್ಷಗಳೂ, ಎರಡನೆಯದರ ಅರ್ಧ ಪಾಲಿಗೆ ಸುಮಾರು 7 ಲಕ್ಷ ವರ್ಷಗಳೂ ಬೇಕು. ಆದುದರಿಂದ ಭೂಮಿಯು ಹುಟ್ಟಿದಾಗ ಇಂಥವು ಇದ್ದಿದ್ದರೂ ಎಂದೋ ಅಳಿದುಹೋಗಿರಬೇಕು. ಇಂದು ಕಲ್ಲಿನ ಹರಳಿನೊಳಗೆ ಕಾಣುವವು ವಿಶ್ವಕಿರಣಗಳಿಂದಲೇ ಹುಟ್ಟಿದವು.

ಈ ಕಿರಣಗಳಿಗೆ ಕಲ್ಲು ಒಳ್ಳೆಯ ಮರೆ. ಬಡಿಯುವ ನ್ಯೂಟ್ರಾನುಗಳು ಸುಮಾರು ಎರಡು ಅಡಿ ಕಲ್ಲನ್ನು ದಾಟುವಷ್ಟರಲ್ಲಿ ಸರಿಸುಮಾರು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಇನ್ನೂ ಆಳಕ್ಕೆ ಹೋಗಬಲ್ಲ ಮ್ಯೂಆನ್ ಎಂಬ ಕಣಗಳನ್ನು ನಮ್ಮ ಕರ್ನಾಟಕದಲ್ಲಿಯೇ ಅಳೆದು ನೋಡಿದ್ದುಂಟು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಎಂಬ ವಿಜ್ಞಾನಿಗಳು 1951ರಲ್ಲಿ ಕೋಲಾರದ ಚಿನ್ನದ ಗಣಿಗಳಿಗಿಳಿದು, ಆಳ ಹೆಚ್ಚಿದಂತೆ ಆ ಕಣಗಳು ಎಷ್ಟೆಷ್ಟು ವಿರಳವಾಗುತ್ತವೆಂಬದನ್ನು ಅಳೆಯಲು ಆರಂಭಿಸಿದರು. ಒಂದೂವರೆ ಮೈಲಿನ ಹತ್ತಿರದ ಆಳದಲ್ಲಿ ಅವು ಎಷ್ಟು ವಿರಳವಾದವೆಂದರೆ, ಆ ಮೌನದಲ್ಲಿಯೇ 1965ರಲ್ಲಿ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಸುಳಿವನ್ನು ಹಿಡಿಯಲು ಸಾಧ್ಯವಾಯಿತು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಆದರೆ ಅಲ್ಲಿ ಕಲಿತ ಪಾಠವು ನಿಂತಿದೆ. ಕಲ್ಲು ಮರೆಯಾದಂತೆ ಹಿಮವೂ ಮರೆಯಾಗುವದು. ನೂರಾರು ಅಡಿ ದಪ್ಪದ ಹಿಮದ ಕೆಳಗಿರುವ ಬಂಡೆಗೆ ವಿಶ್ವಕಿರಣವು ಸ್ವಲ್ಪವೂ ಮುಟ್ಟದೆಂದೇ ಹೇಳಬಹುದು.

ಇನ್ನು ಉಪಾಯವು ಸುಲಭವಾಗಿ ತಿಳಿಯುವದು. ಹಿಮವು ಬಂಡೆಯನ್ನು ಮುಚ್ಚಿರುವ ತನಕ ಗಡಿಯಾರವು ನಿಂತಿದೆ. ಹಿಮವು ಸರಿದ ದಿನ ಅದು ನಡೆಯಲು ತೊಡಗುವದು. ಧ್ರುವದ ಬಳಿ ಸಮುದ್ರಮಟ್ಟದಲ್ಲಿ ಒಂದು ಗ್ರಾಮು ಬೆಣಚುಕಲ್ಲಿನಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಬೆರಿಲಿಯಮ್-10 ಪರಮಾಣುಗಳು ಹುಟ್ಟುತ್ತವೆ. ಒಂದು ಬಂಡೆಯ ನೆತ್ತಿಯಲ್ಲಿ ಗ್ರಾಮಿಗೆ 40,000 ಇಂಥ ಪರಮಾಣುಗಳು ದೊರೆತವೆಂದು ಇಟ್ಟುಕೊಳ್ಳಿರಿ. ನಾಲ್ಕರಿಂದ ಭಾಗಿಸಿದರೆ ಅದರ ಮೇಲಿನ ಹಿಮವು ಸರಿದು ಸುಮಾರು 10,000 ವರ್ಷಗಳಾದವೆಂದು ಉತ್ತರ ಬರುತ್ತದೆ. ಎತ್ತರದ ಸ್ಥಳದಲ್ಲಿ ಮೇಲಿರುವ ಗಾಳಿಯು ತೆಳುವಾದ್ದರಿಂದ ಹುಟ್ಟುವ ಸಂಖ್ಯೆ ಹೆಚ್ಚು. ಸಮಭಾಜಕದ ಕಡೆಗೆ ಭೂಮಿಯ ಅಯಸ್ಕಾಂತಶಕ್ತಿಯು ಕಿರಣಗಳನ್ನು ತಿರುಗಿಸಿಬಿಡುವದರಿಂದ ಸಂಖ್ಯೆ ಕಡಿಮೆ. ಸ್ಥಳಕ್ಕೆ ತಕ್ಕಂತೆ ಈ ಸಂಖ್ಯೆಯನ್ನು ಲೆಕ್ಕಹಾಕುವ ಶಾಸ್ತ್ರದಲ್ಲಿ ಭಾರತೀಯರಾದ ದೇವೇಂದ್ರ ಲಾಲ್ ಎಂಬವರ ಹೆಸರು ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ವಾರಾಣಸಿಯಲ್ಲಿ 1929ರಲ್ಲಿ ಹುಟ್ಟಿ, ಮುಂಬಯಿಯಲ್ಲಿಯೂ ಅಹ್ಮದಾಬಾದಿನಲ್ಲಿಯೂ ದುಡಿದ ಅವರು 1991ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ವಿದ್ಯೆಯವರು ಇಂದಿಗೂ ಆಧಾರವಾಗಿಟ್ಟುಕೊಳ್ಳುತ್ತಾರೆ.

ಎಣಿಕೆಯ ಕೆಲಸವು ಮಾತ್ರ ಬಹು ಸೂಕ್ಷ್ಮವಾದದ್ದು. ಒಂದು ಗ್ರಾಮು ಬೆಣಚುಕಲ್ಲಿನಲ್ಲಿ ಒಟ್ಟು ಇರುವ ಪರಮಾಣುಗಳ ಸಂಖ್ಯೆಯನ್ನು ಬರೆಯಲು ಅಂಕೆಯ ಮುಂದೆ ಇಪ್ಪತ್ತೆರಡು ಸೊನ್ನೆಗಳು ಬೇಕು. ಅವುಗಳೊಳಗಿಂದ ಕೆಲವು ಸಾವಿರಗಳನ್ನು ಹುಡುಕಬೇಕು. ಶೋಧಕರು ಬಂಡೆಯ ನೆತ್ತಿಯಿಂದ ಒಂದೆರಡು ಅಂಗುಲ ದಪ್ಪದ ಚೂರುಗಳನ್ನು ಸುತ್ತಿಗೆ ಉಳಿಗಳಿಂದ ತೆಗೆಯುತ್ತಾರೆ. ಸುತ್ತಲಿನ ಗುಡ್ಡಗಳು ಆಕಾಶವನ್ನು ಎಷ್ಟು ಮರೆಮಾಡಿವೆಯೆಂಬದನ್ನೂ ಅಳೆದು ಬರೆದುಕೊಳ್ಳುತ್ತಾರೆ. ಆ ಚೂರುಗಳನ್ನು ಪುಡಿಮಾಡಿ, ಅಯಸ್ಕಾಂತದಿಂದಲೂ ಆಮ್ಲಗಳಿಂದಲೂ ಬೇರೆಲ್ಲ ಖನಿಜಗಳನ್ನು ಕಳೆದು, ಶುದ್ಧವಾದ ಬೆಣಚಿನ ಹುಡಿಯನ್ನು ಮಾತ್ರ ಉಳಿಸಿಕೊಂಡು ಅದನ್ನೂ ಕರಗಿಸುತ್ತಾರೆ. ಅದರಿಂದ ಬೇರ್ಪಡಿಸಿದ ಬೆರಿಲಿಯಮನ್ನು ವೇಗವರ್ಧಕವೆಂಬ ದೊಡ್ಡ ಯಂತ್ರದಲ್ಲಿ ಓಡಿಸಿ, ತೂಕದ ಭೇದದಿಂದ ಪರಮಾಣುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ನಮ್ಮ ದೇಶದಲ್ಲಿ ದೆಹಲಿಯ ಅಂತರ-ವಿಶ್ವವಿದ್ಯಾನಿಲಯ ವೇಗವರ್ಧಕ ಕೇಂದ್ರದಲ್ಲಿ ಈ ಏರ್ಪಾಡು ಇದೆ.

ಲೆಕ್ಕವು ತಪ್ಪುವ ಬಗೆಗಳು

ಇಷ್ಟರಿಂದಲೇ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಮತ್ತೆ ಕಾರ್ಕಳದ ವಿಗ್ರಹವನ್ನು ನೆನೆಯೋಣ. ಶಿಲ್ಪಿಯು ಮೂಲಬಂಡೆಯ ಮೇಲಿನಿಂದ ಹಲವು ಅಡಿಗಳ ಕಲ್ಲನ್ನು ತೆಗೆದ ಕಡೆಯಲ್ಲಿ ಹಳೆಯ ಪರಮಾಣುಗಳೆಲ್ಲಾ ಚೂರುಗಳೊಡನೆ ಹೋದುವು; ಗಡಿಯಾರವು ಸೊನ್ನೆಯಿಂದ ಆರಂಭವಾಯಿತು. ಒಂದೆರಡು ಅಂಗುಲವನ್ನಷ್ಟೇ ಕೆತ್ತಿದ ಕಡೆಯಲ್ಲಿ ಹಳೆಯ ಲೆಕ್ಕದ ದೊಡ್ಡ ಪಾಲು ಅಲ್ಲಿಯೇ ಉಳಿದಿರುವದು. ಹಿಮದ ಸಂಗತಿಯೂ ಹೀಗೆಯೇ. ತಳದಲ್ಲಿ ನೀರಿನ ಪಸೆಯುಳ್ಳ ಹಿಮನದಿಯು ಜಾರುತ್ತಾ ಬಂಡೆಯನ್ನು ಆಳವಾಗಿ ಉಜ್ಜುವದು. ಆದರೆ ಅತಿಶೀತದಿಂದ ತಳವು ಕಲ್ಲಿಗೆ ಅಂಟಿಕೊಂಡ ಹಿಮವು ಬಂಡೆಯನ್ನು ಮುಚ್ಚುವದಷ್ಟೇ ಹೊರತು ಸವೆಯಿಸುವದಿಲ್ಲ. ಅಂಥ ಬಂಡೆಯು ಹಿಂದಿನ ಯುಗದ ಪರಮಾಣುಗಳನ್ನು ಪಿತ್ರಾರ್ಜಿತ ಆಸ್ತಿಯಂತೆ ಕಾಪಾಡಿಕೊಂಡಿರುವದರಿಂದ, ಅದು ಹೇಳುವ ವಯಸ್ಸು ನಿಜಕ್ಕಿಂತ ಹೆಚ್ಚಾಗುತ್ತದೆ.

ಇದಕ್ಕೆ ವಿರುದ್ಧವಾದ ದೋಷವೂ ಇದೆ. ಬಂಡೆಯ ಮೇಲ್ಮೈ ಶಿಥಿಲವಾಗಿ ಉದುರುತ್ತಿದ್ದರೆ, ಎಣಿಸಬೇಕಾದ ಪರಮಾಣುಗಳೂ ಅದರೊಡನೆ ಉದುರಿಹೋಗಿ ವಯಸ್ಸು ಕಡಿಮೆಯಾಗಿ ಕಾಣುವದು. ಮುರಕಲ್ಲಿನ ಸೀಮೆಯಲ್ಲಿ ಈ ದೋಷವು ದೊಡ್ಡದು. ಧ್ರುವಪ್ರದೇಶದ ಒಣಶೀತದಲ್ಲಿಯಾದರೋ ಕೆಲವು ಕಣಿವೆಗಳ ಬಂಡೆಗಳು ಹತ್ತು ಲಕ್ಷ ವರ್ಷಗಳಲ್ಲಿ ಮೂರು ಅಡಿಯಷ್ಟೂ ಸವೆಯುವದಿಲ್ಲವೆಂದು ಕಂಡಿದ್ದಾರೆ. ಆದುದರಿಂದಲೇ ಶಿಥಿಲೀಕರಣದ ಅಭ್ಯಾಸವೂ ಕಾಲಗಣನೆಯೂ ಒಂದನ್ನೊಂದು ಬಿಟ್ಟಿರಲಾರವು. ಬಂಡೆಯ ಗುಳಿ, ಬಣ್ಣ, ಗಟ್ಟಿತನಗಳನ್ನು ಮೊದಲು ನೋಡಿ, ಯಾವ ಮೈ ನಂಬತಕ್ಕದ್ದೆಂದು ಗೊತ್ತುಮಾಡಿಕೊಂಡು, ಆಮೇಲೆಯೇ ಸುತ್ತಿಗೆಯನ್ನು ಎತ್ತಬೇಕು.

ಈ ದೋಷಗಳನ್ನು ಹಿಡಿಯಲು ಎರಡು ಪರಮಾಣುಗಳ ಲೆಕ್ಕವನ್ನೂ ಒಟ್ಟಿಗೆ ನೋಡುವದು ರೂಢಿ. ಬಯಲಿನಲ್ಲಿರುವ ಬೆಣಚುಕಲ್ಲಿನಲ್ಲಿ ಬೆರಿಲಿಯಮ್-10 ಒಂದು ಹುಟ್ಟಿದರೆ ಅಲ್ಯೂಮಿನಿಯಮ್-26 ಸುಮಾರು ಏಳು ಹುಟ್ಟುತ್ತವೆ. ಬಂಡೆಯು ಮತ್ತೆ ಹಿಮದಡಿಯಲ್ಲಿ ಲಕ್ಷಾಂತರ ವರ್ಷ ಹೂತುಹೋದರೆ ಎರಡೂ ಕ್ಷಯಿಸುವವು. ಆದರೆ ಅಲ್ಯೂಮಿನಿಯಮ್ ಬೇಗನೆ ಕ್ಷಯಿಸುವದರಿಂದ ಏಳಕ್ಕೆ ಒಂದೆಂಬ ಆ ಪ್ರಮಾಣವು ಇಳಿಯುವದು. ಇಳಿದ ಪ್ರಮಾಣವನ್ನು ಕಂಡಾಗ, ಈ ಬಂಡೆಯು ಒಂದೇ ಸಲ ಬಯಲಿಗೆ ಬಂದದ್ದಲ್ಲವೆಂದು ಪರೀಕ್ಷಕರು ತಿಳಿಯುತ್ತಾರೆ. ಇದಲ್ಲದೆ ಒಂದೇ ಬಂಡೆಯನ್ನು ನಂಬದೆ, ಹಿಮವು ಬೇರೆಲ್ಲಿಂದಲೋ ಹೊತ್ತು ತಂದಿಟ್ಟ ಹಲವು ಅಲೆಮಾರಿ ಬಂಡೆಗಳನ್ನು ಒಂದೇ ಸ್ಥಳದಲ್ಲಿ ಆರಿಸಿ, ಅವುಗಳ ಮಾತು ಒಂದಕ್ಕೊಂದು ಹೊಂದುತ್ತದೋ ಎಂದು ನೋಡುತ್ತಾರೆ.

ಕೆರೆಯ ಕೆಸರಿನ ಸಾಕ್ಷಿ

ಕಲ್ಲಿನ ಮಾತಿಗೆ ಇನ್ನೊಂದು ಸಾಕ್ಷಿಯನ್ನು ಕೆರೆಗಳು ಒದಗಿಸುತ್ತವೆ. ಇಲ್ಲಿಯೇ ನಮ್ಮ ಊರಿನ ವಿದ್ಯಾಸಂಸ್ಥೆಯೊಂದರ ಪಾಲು ಬರುವದು. ಹಿಮವು ಸರಿದ ತಗ್ಗಿನಲ್ಲಿ ನೀರು ನಿಂತು ಕೆರೆಯಾದರೆ, ಸುತ್ತಲಿನ ಶಿಥಿಲವಾದ ಕಲ್ಲಿನ ಹುಡಿಯು ವರ್ಷೇ ವರ್ಷೇ ಅದರ ತಳದಲ್ಲಿ ಪದರುಪದರಾಗಿ ಕೂಡುವದು. ಉದ್ದವಾದ ಕೊಳವೆಯನ್ನು ತಳಕ್ಕಿಳಿಸಿ ಆ ಕೆಸರಿನ ಕಂಬವನ್ನು ಹಾಗೆಯೇ ಎತ್ತಿ ತಂದರೆ, ಕೆಳಗಿನದು ಹಳೆಯದು, ಮೇಲಿನದು ಹೊಸತು ಎಂಬ ಕ್ರಮದಲ್ಲಿ ಕಾಲದ ದಾಖಲೆಯು ಕೈಗೆ ಬರುವದು. ಕೆಸರಿನಲ್ಲಿ ಸಿಲುಕಿದ ಪಾಚಿಯೇ ಮೊದಲಾದ ಸಜೀವ ಪದಾರ್ಥದ ಇಂಗಾಲ-14ನ್ನು ಅಳೆದು ಪದರುಗಳ ವಯಸ್ಸನ್ನು ಕಂಡುಹಿಡಿಯುತ್ತಾರೆ. ಅದರ ಅರ್ಧಾಯುಷ್ಯವು 5,730 ವರ್ಷ. ಇಲ್ಲಿಯೂ ಎಚ್ಚರಿಕೆ ಬೇಕು. ಕರಗಿದ ಹಿಮದ ನೀರಿನಲ್ಲಿ ಬಹು ಹಳೆಯ ಗಾಳಿಯ ಇಂಗಾಲವು ಬೆರೆತಿದ್ದರೆ, ಮೊನ್ನೆ ಬೆಳೆದ ಪಾಚಿಯೂ ಮುದುಕಿಯಂತೆ ತೋರುವದುಂಟು.

ಶಿರ್ಮಾಕರ್ ಗುಡ್ಡಗಳ ನಡುವೆ ಸ್ಯಾಂಡಿ ಸರೋವರವೆಂಬ ಕೆರೆಯೊಂದಿದೆ. ಅದರ ಕೆಸರಿನ ಕಂಬವೊಂದನ್ನು ಪರೀಕ್ಷಿಸಿದವರಲ್ಲಿ ಕೊಣಾಜೆಯ ಮಂಗಳಗಂಗೋತ್ರಿಯಲ್ಲಿರುವ ಮಂಗಳೂರು ವಿಶ್ವವಿದ್ಯಾನಿಲಯದ ಸಾಗರ ಭೂವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಆರ್. ಶಂಕರ್ ಅವರೂ, ಅನೀಶ್ ಕುಮಾರ್ ವಾರಿಯರ್ ಅವರೂ, ಗೋವೆಯಲ್ಲಿರುವ ರಾಷ್ಟ್ರೀಯ ಧ್ರುವ ಸಂಶೋಧನಾ ಕೇಂದ್ರದ ವಿದ್ವಾಂಸರೂ ಸೇರಿದ್ದರು. 2014ರಲ್ಲಿ ಪ್ರಕಟವಾದ ಅವರ ವರದಿಯಂತೆ ಆ ಕೆಸರು ಸುಮಾರು 42,500 ವರ್ಷಗಳ ಕಾಲವನ್ನು ಒಳಗೊಂಡಿದೆ. ಅವರು ಹಿಡಿದ ದಾರಿಯು ಅಯಸ್ಕಾಂತದ್ದು. ಶಿಲೆಗಳಲ್ಲಿರುವ ಕಬ್ಬಿಣದ ಖನಿಜಗಳು ಕೆಸರಿನೊಡನೆ ಕೆರೆಗೆ ಬರುತ್ತವೆ. ಶೀತಕಾಲದಲ್ಲಿ ಕಲ್ಲು ಒಡೆದು ಪುಡಿಯಾಗುವದೇ ಹೆಚ್ಚು, ಬೆಚ್ಚಗಿನ ಕಾಲದಲ್ಲಿ ನೀರಿನಿಂದ ಮಾರ್ಪಡುವದೂ ಕೆರೆಯಲ್ಲಿ ಪಾಚಿ ಬೆಳೆಯುವದೂ ಹೆಚ್ಚು. ಈ ಭೇದವು ಪದರುಗಳ ಅಯಸ್ಕಾಂತಗುಣದಲ್ಲಿ ಕಾಣಿಸಿಕೊಳ್ಳುವದು. ಹಿಮಯುಗದ ನಡುವೆಯೂ ಸ್ವಲ್ಪ ಬೆಚ್ಚಗಿನ ಕಾಲಗಳು ಬಂದುಹೋದುವೆಂದೂ, ಹಿಮಯುಗವು ಕಳೆದ ಮೇಲೆಯೂ ಶೀತ ಮತ್ತು ಸೆಕೆಗಳು ಒಂದರ ಬೆನ್ನಿಗೊಂದು ಬಂದುವೆಂದೂ ಅವರು ತಿಳಿದುಕೊಂಡರು.

ಇದರಿಂದ ಇನ್ನೊಂದು ಅನುಮಾನವು ಹುಟ್ಟುತ್ತದೆ. ಸುಮಾರು 20,000 ವರ್ಷಗಳ ಹಿಂದೆ ಹಿಮವು ಎಲ್ಲೆಡೆಯಲ್ಲಿಯೂ ಅತಿ ಹೆಚ್ಚಾಗಿ ಹರಡಿದ್ದ ಕಾಲದಲ್ಲಿ, ಭಾರವಾದ ಹಿಮನದಿಯು ಈ ಕೆರೆಯ ಮೇಲೆ ಉಜ್ಜುತ್ತಾ ಸಾಗಿದ್ದರೆ ಮೆತ್ತನೆಯ ಕೆಸರು ಅಲ್ಲಿ ಉಳಿಯುತ್ತಿತ್ತೇ? 42,500 ವರ್ಷಗಳ ಕೆಸರು ಉಳಿದಿರುವದನ್ನು ನೋಡಿದರೆ, ಶಿರ್ಮಾಕರ್ ಗುಡ್ಡಗಳ ಕೆಲವು ಭಾಗವಾದರೂ ಆ ಕಠಿಣಕಾಲದಲ್ಲಿ ಹಿಮದ ಉಜ್ಜಾಟಕ್ಕೆ ಸಿಗದೆ ಉಳಿಯಿತೆಂದು ಭಾವಿಸಲು ಕಾರಣವಿದೆ. ಹಿಮವು ಮುಂದೆ ಬಂದದ್ದೂ ಹಿಂದೆ ಸರಿದದ್ದೂ ಎಲ್ಲೆಡೆಯಲ್ಲಿ ಒಂದೇ ಸಮನಾಗಿರಲಿಲ್ಲವೆಂಬದು ಇದರ ತಾತ್ಪರ್ಯ.

ನಮ್ಮ ಕಡಲಿಗೂ ಇದಕ್ಕೂ ಇರುವ ಸಂಬಂಧ

ಒಬ್ಬ ಗೃಹಿಣಿಯು, ಆ ನಿರ್ಜನವಾದ ಖಂಡದ ಹಿಮವು ಎಂದೋ ಸರಿದರೆ ಮಂಗಳೂರಿಗೆ ಏನಾಗಬೇಕು, ಎಂದು ಕೇಳಿದರೆ ತಪ್ಪಲ್ಲ. ಭೂಮಿಯ ಹಿಮವೂ ಕಡಲಿನ ನೀರೂ ಒಂದೇ ಕೊಡದ ನೀರಿದ್ದಂತೆ. 20,000 ವರ್ಷಗಳ ಹಿಂದೆ ಜಗತ್ತಿನ ಹಿಮರಾಶಿಗಳು ದೊಡ್ಡವಾಗಿದ್ದಾಗ ಕಡಲಿನ ಮಟ್ಟವು ಈಗಿನದಕ್ಕಿಂತ ಸುಮಾರು 400 ಅಡಿ ಕೆಳಗಿತ್ತು. ಆಗ ಇಲ್ಲಿ ಯಾರಾದರೂ ನಿಂತು ನೋಡಿದ್ದರೆ ಕಡಲು ಕಣ್ಣಿಗೆ ಬೀಳುತ್ತಿರಲಿಲ್ಲ. ಪಶ್ಚಿಮಕ್ಕೆ ಹತ್ತಾರು ಮೈಲುಗಳ ವರೆಗೆ ಒಣನೆಲವಿತ್ತು, ನೇತ್ರಾವತಿಯು ಅದನ್ನು ದಾಟಿ ಹರಿಯಬೇಕಾಗಿತ್ತು. ಹಿಮವು ಕರಗಿದಂತೆ ಕಡಲು ಏರಿ ಆ ನೆಲವನ್ನೆಲ್ಲಾ ಮುಚ್ಚಿತು. ಅಂಟಾರ್ಕ್ಟಿಕದಲ್ಲಿ ಈಗ ಉಳಿದಿರುವ ಹಿಮವೆಲ್ಲಾ ಕರಗಿತೆಂದು ಊಹಿಸಿದರೆ ಕಡಲಿನ ಮಟ್ಟವು ಇನ್ನೂ 190 ಅಡಿಗಳಷ್ಟು ಏರುವದು. ಅಷ್ಟೆಲ್ಲಾ ಕರಗುವದಕ್ಕೆ ಸಾವಿರಾರು ವರ್ಷಗಳೇ ಬೇಕು; ಆದರೆ ಅದರ ಅಲ್ಪಾಂಶವು ಕರಗಿದರೂ ತಗ್ಗಾದ ಕರಾವಳಿಗೆ ಸಾಕು. ಉಳ್ಳಾಲ, ಸೋಮೇಶ್ವರಗಳ ಕಡೆಯಲ್ಲಿ ಮಳೆಗಾಲದ ಕಡಲ್ಕೊರೆತವು ಮನೆಗಳನ್ನೂ ತೆಂಗಿನ ಮರಗಳನ್ನೂ ಕೊಂಡೊಯ್ಯುವದನ್ನು ನಾವು ಕಂಡಿದ್ದೇವೆ. ಅದಕ್ಕೆ ಕಾರಣಗಳು ಹಲವು ಉಂಟು. ಅವುಗಳ ಮೇಲೆ ಕಡಲಿನ ಸಾಮಾನ್ಯಮಟ್ಟವೂ ವರ್ಷಕ್ಕೆ ಮೂರುನಾಲ್ಕು ಮಿಲಿಮೀಟರಿನಂತೆ ಏರುತ್ತಿರುವದು ಸೇರಿಕೊಳ್ಳುತ್ತದೆ.

ಹಿಮವು ಎಷ್ಟು ವೇಗದಿಂದ ಸರಿಯಬಲ್ಲದೆಂಬ ಪ್ರಶ್ನೆಗೆ ಉಪಗ್ರಹಗಳು ಕೆಲವು ದಶಕಗಳ ಉತ್ತರವನ್ನು ಮಾತ್ರ ಕೊಡಬಲ್ಲವು. ಶಿರ್ಮಾಕರಿನ ಅಂಚಿನಲ್ಲಿರುವ ದಕ್ಷಿಣ ಗಂಗೋತ್ರಿ ಹಿಮನದಿಯ ಮೂತಿಯನ್ನು ನಮ್ಮ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು 1983ರಿಂದ ಅಳೆಯುತ್ತಾ ಬಂದಿದ್ದಾರೆ. ಅದು ವರ್ಷಕ್ಕೆ ಸರಾಸರಿ ಮೂರು ಅಡಿಗಿಂತ ಕಡಿಮೆ ಸರಿದಿದೆ. ಸಾವಿರಾರು ವರ್ಷಗಳ ಉತ್ತರವನ್ನು ಕೊಡಬಲ್ಲವು ಬಂಡೆಗಳೇ. ಪಶ್ಚಿಮ ಅಂಟಾರ್ಕ್ಟಿಕದ ಫೋರ್ಡ್ ಪರ್ವತಗಳಲ್ಲಿ ಶಿಖರದಿಂದ ತಪ್ಪಲಿನ ವರೆಗೆ ಬಂಡೆಗಳನ್ನು ಆರಿಸಿ ಎಣಿಸಿದಾಗ, ಕಳೆದ 10,000 ವರ್ಷಗಳಲ್ಲಿ ಕರಾವಳಿಯ ಬಳಿಯ ಹಿಮವು 2,300 ಅಡಿಗಳಿಗೂ ಮಿಕ್ಕಿ ತೆಳ್ಳಗಾಯಿತೆಂದು 2003ರಲ್ಲಿ ಪ್ರಕಟಿಸಿದರು. ಪೈನ್ ಐಲೆಂಡ್ ಹಿಮನದಿಯ ಬಳಿಯ ಬಂಡೆಗಳು ಇನ್ನೂ ಗಂಭೀರವಾದ ಮಾತನ್ನು ಹೇಳಿದವು. ಸುಮಾರು 8,000 ವರ್ಷಗಳ ಹಿಂದೆ ಆ ಹಿಮವು ವರ್ಷಕ್ಕೆ ಮೂರು ಅಡಿಗೂ ಮಿಕ್ಕಿ, ಕೆಲವು ದಶಕಗಳ ಕಾಲ ಎಡೆಬಿಡದೆ ತೆಳ್ಳಗಾಗುತ್ತಾ ಹೋಯಿತೆಂದು 2014ರಲ್ಲಿ ತಿಳಿಯಿತು. ಇಂದು ಅಲ್ಲಿ ಕಾಣುವ ವೇಗವೂ ಇದಕ್ಕೆ ಸರಿಸಮಾನವಾದದ್ದು. ಹಿಂದೆ ಒಮ್ಮೆ ನಡೆದದ್ದು ಮತ್ತೆ ನಡೆಯಬಲ್ಲದು, ಒಮ್ಮೆ ತೊಡಗಿದರೆ ಕೂಡಲೇ ನಿಲ್ಲದು, ಎಂಬ ಈ ಪಾಠವನ್ನು ಯಾವ ಊಹೆಯಿಂದಲೂ ಪಡೆಯಲು ಸಾಧ್ಯವಿರಲಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಕಡಲು ಎಷ್ಟು ಏರೀತೆಂದು ಗಣಿಸುವವರು ತಮ್ಮ ಗಣಿತವನ್ನು ಈ ಬಂಡೆಗಳ ಸಾಕ್ಷ್ಯಕ್ಕೆ ಒರೆಹಚ್ಚಿ ನೋಡುತ್ತಾರೆ. ದಂಡೆಯಲ್ಲಿ ತಡೆಗೋಡೆಯನ್ನು ಎಷ್ಟು ಎತ್ತರ ಕಟ್ಟಬೇಕು, ಮನೆಯನ್ನು ಎಷ್ಟು ಹಿಂದೆ ಕಟ್ಟಬೇಕು, ಎಂಬ ವಿಚಾರಕ್ಕೆ ಆ ಗಣಿತವೇ ಬುಡ.

ವಿದ್ಯಾರ್ಥಿನಿಯರು ತಿಳಿಯತಕ್ಕ ಇನ್ನೊಂದು ಸಂಗತಿಯುಂಟು. 1983ರಲ್ಲಿ ಹೊರಟ ನಮ್ಮ ಮೂರನೆಯ ಯಾತ್ರೆಯಲ್ಲಿ ಸಮುದ್ರವಿಜ್ಞಾನಿಯಾದ ಅದಿತಿ ಪಂತ್ ಮತ್ತು ಭೂವಿಜ್ಞಾನಿಯಾದ ಸುದೀಪ್ತಾ ಸೇನಗುಪ್ತಾ ಎಂಬ ಇಬ್ಬರು ಸ್ತ್ರೀಯರಿದ್ದರು. ನಮ್ಮ ದೇಶದ ಅಂಟಾರ್ಕ್ಟಿಕ ಯಾತ್ರೆಗಳಲ್ಲಿ ಪಾಲುಗೊಂಡ ಮಹಿಳೆಯರಲ್ಲಿ ಇವರೇ ಮೊದಲಿಗರು. ಶಿರ್ಮಾಕರ್ ಗುಡ್ಡಗಳ ಶಿಲೆಗಳ ರಚನೆಯನ್ನು ಸುದೀಪ್ತಾ ಅವರು ಸುತ್ತಿಗೆಯನ್ನು ಹಿಡಿದು ನಡೆದು ಅಭ್ಯಾಸಮಾಡಿದರು. ಈ ವಿದ್ಯೆಗೆ ಬೇಕಾದವು ಅಪಾರವಾದ ದೇಹಬಲಕ್ಕಿಂತ ಹೆಚ್ಚಾಗಿ ತಾಳ್ಮೆ, ಶುದ್ಧವಾದ ಎಣಿಕೆ, ಒಂದು ಸಾಕ್ಷಿಯನ್ನು ಇನ್ನೊಂದರಿಂದ ಪರೀಕ್ಷಿಸುವ ನ್ಯಾಯಬುದ್ಧಿ. ಇವನ್ನು ಶಾಲೆಯ ಗಣಿತದ ಮತ್ತು ರಸಾಯನಶಾಸ್ತ್ರದ ಪಾಠಗಳಲ್ಲಿಯೇ ಅಭ್ಯಾಸಮಾಡಿಕೊಳ್ಳಬಹುದು. ಮುಂದೆ ನಮ್ಮ ಊರಿನ ಹುಡುಗಿಯೊಬ್ಬಳು ಮೈತ್ರಿಯ ಬಳಿಯ ಬಂಡೆಯೊಂದರಿಂದ ಚೂರನ್ನು ತೆಗೆದು, ಅದರೊಳಗಿನ ಪರಮಾಣುಗಳನ್ನು ಎಣಿಸಿ, ಹಿಮವು ಅದನ್ನು ಬಿಟ್ಟುಹೋದ ಕಾಲವನ್ನು ಗೊತ್ತುಮಾಡಿದರೆ, ಅದರಿಂದ ಉಳ್ಳಾಲದ ದಂಡೆಯಲ್ಲಿ ಮನೆಮಾಡಿಕೊಂಡವರಿಗೂ ಪ್ರಯೋಜನವಾಗುವದು.